ಡುಮ್ಮಣ್ಣನ ಅಂಗಿ

ಗಾರ್ಡ್ ಸಾಹೇಬರ ಮುಖ ನೋಡಿದರೆ ಈ ಮನುಷ್ಯ ಊರು ನೋಡಲು ಬಂದಿದ್ದಾರೆ ಎಂದು ಯಾರೂ ಹೇಳುವಂತಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ ಅದು. ಬೆಳಗಿನ ರೈಲು ಬಂದು ನಿಂತಿತ್ತು, ಮುಂದಿನ ರೈಲು ಇದ್ದದ್ದು ಸಂಜೆಗೆ. ನಡುವೆ ಒಂದಿಡೀ ಹಗಲು ಬಾಯಿ ತೆರೆದುಕೊಂಡು ಕಾದಿತ್ತು. ಅವರ ಹೆಂಡತಿ, ಅಂದರೆ ಬೀದಿಗೆಲ್ಲ ಟೈಲರಮ್ಮ ಎಂದೇ ಗೊತ್ತಿರುವಾಕೆ, ಆಗಲೇ ಪ್ಲಾಟ್‌ಫಾರಂಗೆ ಇಳಿದು ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು.

“ಇಳೀರಿ ಬೇಗ. ನಿಮ್ಮೂರು ಬಂತು.”

“ನನ್ನೂರು ಹೇಗಾಗುತ್ತೆ ಇದು?”

“ಮತ್ತೆ? ಮನೇಲಿ ತಿಂದಿದ್ದಕ್ಕಿಂತ ಇಲ್ಲಿ ತಿಂದಿದ್ದೇ ಜಾಸ್ತಿ ಅಲ್ವಾ ನೀವು. ಇವತ್ತು ನಾನು ನಿಮ್ಮ ಹಿಂದೆ. ಎಲ್ಲಿಗೆ ಕರ್ಕೊಂಡು ಹೋಗ್ತೀರೋ ಅಲ್ಲಿಗೆ.”

ಸಾಹೇಬರು ಇಳಿದರು. ಇಳಿಯದೆ ಇನ್ನೇನು ಮಾಡುತ್ತಾರೆ, ಪಾಪ. ಆ ಸ್ಟೇಷನ್ನಿನ ಗೇಟು ದಾಟಿ ಅವರು ಒಂದೇ ಒಂದು ಸಲವೂ ಊರೊಳಗೆ ಕಾಲಿಟ್ಟವರಲ್ಲ. ಈ ಸಂಗತಿ ಅವರನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇನ್ನೊಬ್ಬರು ಹೆಂಡತಿಯಲ್ಲ.

ನಂಬುವುದು ಕಷ್ಟ, ಗೊತ್ತು. ಕೆಲಸದಲ್ಲಿ ಇದ್ದಷ್ಟು ಕಾಲವೂ ಸಾಹೇಬರ ಗಾಡಿ ಬರುತ್ತಿದ್ದುದು ಈ ಊರಿಗೇ. ಬೆಳಿಗ್ಗೆ ತಂದು ಮುಟ್ಟಿಸಿದರೆ, ಸಂಜೆ ಅದನ್ನೇ ವಾಪಸು ತೆಗೆದುಕೊಂಡು ಹೋಗಬೇಕು. ನಡುವಿನ ಹಗಲಲ್ಲಿ ಡ್ರೈವರುಗಳೂ ಗಾರ್ಡುಗಳೂ ಸ್ಟೇಷನ್ನಿಗೆ ಅಂಟಿಕೊಂಡೇ ಇರುವ ರನ್ನಿಂಗ್ ರೂಮಿನಲ್ಲಿ ಮಲಗುತ್ತಾರೆ. ಉಳಿದವರೆಲ್ಲ ಒಂದು ನಿದ್ದೆ ತೆಗೆದು, ಮುಖ ತೊಳೆದು, ತಲೆ ಬಾಚಿ, ಊರು ಸುತ್ತಲು ಹೊರಡುವರು. ನಮ್ಮ ಸಾಹೇಬರು ಮಾತ್ರ ಕದಲುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ಭಯ, ಎಲ್ಲಾದರೂ ದಾರಿ ತಪ್ಪಿ ಗಾಡಿ ತಪ್ಪಿಸಿಕೊಂಡರೆ? ಪ್ರಯಾಣಿಕ ರೈಲು ತಪ್ಪಿಸಿಕೊಂಡರೆ ಅವನೊಬ್ಬನಿಗೆ ತೊಂದರೆ. ಗಾರ್ಡೇ ತಪ್ಪಿಸಿಕೊಂಡರೆ ಇಡೀ ರೈಲು ಅವನಿಗಾಗಿ ಕಾಯಬೇಕು, ಆಮೇಲೆ ಆ ಕಥೆಯನ್ನು ಇಡೀ ಇಲಾಖೆ ಅವನು ಸಾಯುವವರೆಗೆ ಹೇಳುತ್ತದೆ. ಹೀಗಾಗಿ ಮಂಚ, ಫ್ಯಾನು, ಗೋಡೆಯ ಮೇಲಿನ ಕ್ಯಾಲೆಂಡರು, ಮನೆಯಿಂದ ತಂದ ಊಟದ ಡಬ್ಬಿ, ಇಷ್ಟೇ ಅವರು ಕಂಡ ಊರು.

ಹಾಗಂತ ಹೆಂಡತಿಗೆ ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ಮದುವೆಯಾದ ಹೊಸತರಲ್ಲಿ ಮೊದಲ ಸಲ ಮನೆಗೆ ಮರಳಿದಾಗ ಆಕೆ ಹೊಲಿಗೆ ಮೆಷಿನ್ನಿನ ಮೇಲಿಂದ ತಲೆಯೆತ್ತಿ, “ಹೇಳಿ, ಊರಲ್ಲಿ ಏನೇನು ನೋಡಿದ್ರಿ?” ಎಂದು ಕಣ್ಣರಳಿಸಿ ಕೇಳಿಬಿಟ್ಟಳು. ಆ ಕಣ್ಣುಗಳನ್ನು ನೋಡಿಕೊಂಡು ಫ್ಯಾನು ನೋಡಿದೆ ಎಂದು ಹೇಳಲು ಎಂಥ ಗಂಡಸಿಗೂ ನಾಲಿಗೆ ಬರುವುದಿಲ್ಲ. ಕ್ಯಾಲೆಂಡರಿನಲ್ಲಿ ಒಂದು ಕೆರೆ ಇತ್ತು. ಕೆರೆ ನೋಡಿದೆ ಎಂದರು. ದೋಣಿ ಇತ್ತಾ ಎಂದಳು. ಇತ್ತು, ನಾನೇ ಹುಟ್ಟು ಹಾಕಿದೆ ಎಂದರು. ಅಲ್ಲಿಂದ ಶುರುವಾಯಿತು ನೋಡಿ. ರೈಲು ಬಿಡುವುದು ಅವರ ಉದ್ಯೋಗವೇ ಅಲ್ಲವೇ, ಮನೆಗೆ ಬಂದ ಮೇಲೂ ಬಿಟ್ಟರು.

ಆ ರೈಲುಗಳಲ್ಲೆಲ್ಲ ದೊಡ್ಡದು ಡುಮ್ಮಣ್ಣ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹಸಿರು ಬಾಗಿಲಿನ ಹೋಟೆಲು, ಅದಕ್ಕೆ ಡುಮ್ಮಣ್ಣನೇ ಯಜಮಾನ, ಅವನೇ ಅಡುಗೆಯವನು. ಬಾಗಿಲಲ್ಲಿ ನೇರ ನುಗ್ಗಲಾರದೆ ಅಡ್ಡಡ್ಡ ಬರುತ್ತಾನೆ. ಹೊಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡೇ ಕೂರುತ್ತಾನೆ. “ಬನ್ನಿ ಗಾರ್ಡ್ ಸಾಹೇಬ್ರೇ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕರೆದು, ಬೇಡ ಬೇಡ ಎಂದರೂ ಮತ್ತೆ ಮತ್ತೆ ಬಡಿಸುತ್ತಾನೆ. ಟೈಲರಮ್ಮನಿಗೆ ಅವನ ಮೇಲೆ ಎಷ್ಟು ಗೌರವ ಬಂತೆಂದರೆ, ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಗಂಡನ ಬಾಯಿಂದ ಕೇಳಿದ ಅಂದಾಜಿನ ಮೇಲೆಯೇ ಅಳತೆ ಹಿಡಿದು, ನೀಲಿ ಚೌಕಳಿ ಬಟ್ಟೆಯಲ್ಲಿ ಅವನಿಗೊಂದು ಅಂಗಿ ಹೊಲಿದು ಕಳಿಸಿದ್ದರು. ಹೋಟೆಲಿನವರಿಗೆ ಬೇಕಾಗುತ್ತದೆ ಎಂದು ಎರಡು ದೊಡ್ಡ ಜೇಬು ಬೇರೆ. ಆಯಿತಾ ಎಂದು ಕೇಳಿದ್ದಕ್ಕೆ ಸಾಹೇಬರು, “ಅಳತೆ ತೆಗೆದು ಹೊಲಿದ ಹಾಗಿತ್ತು ಕಣೇ” ಎಂದಿದ್ದರು.

ಈಗ ಸಾಹೇಬರಿಗೆ ನಿವೃತ್ತಿಯಾಗಿತ್ತು. ಮಗಳಿಗೆ ಮಗುವಾಗಿತ್ತು. ಮೊಮ್ಮಗುವನ್ನು ನೋಡಲು ಹೊರಟಿದ್ದರು. ಮಗಳ ಊರಿಗೆ ನೇರ ರೈಲೇ ಇತ್ತು. ಅದನ್ನು ಬಿಟ್ಟು ಇಲ್ಲಿ ಇಳಿದು ಹತ್ತುವ ಟಿಕೆಟ್ಟನ್ನು ಅಮ್ಮ ಮಗಳು ಸೇರಿ ಗುಟ್ಟಾಗಿ ಮಾಡಿಸಿದ್ದರು. ಹಿಂದಿನ ದಿನ ಗೊತ್ತಾದಾಗ ಸಾಹೇಬರ ಎದೆ ಧಸಕ್ಕೆಂದಿತು. ಟೈಲರಮ್ಮನ ಕೈಚೀಲದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಅದೇನೆಂದು ಕೇಳಿದಾಗ ಸಿಕ್ಕ ಉತ್ತರಕ್ಕೆ ಉಳಿದ ಜೀವವೂ ಹೋಯಿತು.

“ಡುಮ್ಮಣ್ಣನಿಗೆ ಇನ್ನೊಂದು ಅಂಗಿ. ವಯಸ್ಸಾದ್ಮೇಲೆ ಒಂಚೂರು ಇಳಿದಿರ್ತಾರೆ ಅಂತ ಸ್ವಲ್ಪ ಚಿಕ್ಕದು ಮಾಡಿದ್ದೀನಿ. ಈ ಸಲ ನಾನೇ ಕೊಡ್ತೀನಿ.”

ಇದೇ ಅವರ ಮುಖದ ಹಲ್ಲುನೋವಿಗೆ ಕಾರಣ. ಸಂಜೆಯೊಳಗೆ ಒಂದೋ ಡುಮ್ಮಣ್ಣನನ್ನು ಹುಟ್ಟಿಸಬೇಕು, ಇಲ್ಲವೇ ಹೆಂಡತಿಯ ಎದುರಿಗೆ ಇಷ್ಟು ಕಾಲದ ಮರ್ಯಾದೆಯನ್ನು ಮೂಟೆ ಕಟ್ಟಿ ಇಡಬೇಕು.

ರಾತ್ರಿಯೆಲ್ಲ ರೈಲಿನಲ್ಲಿ ನಿದ್ದೆಗೆಟ್ಟು ಅವರು ಒಂದು ಉಪಾಯ ಹೂಡಿದ್ದರು. ಬಹಳ ದೊಡ್ಡ ಉಪಾಯವೇನಲ್ಲ. ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ತಿನ್ನಿಸಿ, ಸಿಕ್ಕಲ್ಲೆಲ್ಲ ಸುತ್ತಿಸಿ, ಮಧ್ಯಾಹ್ನದ ಹೊತ್ತಿಗೆ ಆಕೆಯೇ ಹೊಟ್ಟೆ ಹಿಡಿದುಕೊಂಡು ‘ಇನ್ನು ಯಾವ ಹೋಟೆಲೂ ಬೇಡ’ ಎನ್ನುವಂತೆ ಮಾಡುವುದು.

ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳನ್ನು ಒಪ್ಪಿಸಿ ಗೇಟು ದಾಟಿದರು. ಹೊರಗೆ ಬೆಳಗಿನ ಬಿಸಿಲು ಬೀದಿಯ ಒಂದು ಬದಿಗೆ ಮಾತ್ರ ಬಿದ್ದಿತ್ತು. ಎದುರಿಗೇ ಒಂದು ಬೇಕರಿ. ಒಲೆಯಿಂದ ಆಗತಾನೇ ತೆಗೆದ ಬನ್ನುಗಳನ್ನು ತಟ್ಟೆತಟ್ಟೆಯಾಗಿ ಹೊರಗಿಡುತ್ತಿದ್ದರು. ಸಾಹೇಬರು ಹಿಂದೆಮುಂದೆ ನೋಡದೆ ಹೆಂಡತಿಯನ್ನು ಒಳಗೆ ನುಗ್ಗಿಸಿದರು. ಬನ್ನನ್ನು ಮುರಿದರೆ ಹಬೆ ಬಂತು, ಹಬೆಯ ಮೇಲೆ ಬೆಣ್ಣೆ ಇಟ್ಟರೆ ನೋಡನೋಡುತ್ತಲೇ ಕರಗಿ ಮಣಿಕಟ್ಟಿನವರೆಗೆ ಇಳಿಯಿತು. ಜೊತೆಗೆ ದಪ್ಪ ಲೋಟದಲ್ಲಿ ಕಾಫಿ. ಉಪಾಯಕ್ಕೆಂದು ಬಾಯಿಗಿಟ್ಟ ಸಾಹೇಬರು ಒಂದು ಕ್ಷಣ ಉಪಾಯವನ್ನೇ ಮರೆತರು. ಗೇಟಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇಂಥದ್ದೊಂದು ಇತ್ತೇ ಎಂದು ಅವರಿಗೆ ನಿಜವಾಗಿ ಹೊಟ್ಟೆ ಉರಿಯಿತು.

“ಈ ಬೇಕರಿ ಬಗ್ಗೆ ನೀವು ಹೇಳೇ ಇಲ್ಲ,” ಎಂದರು ಟೈಲರಮ್ಮ, ಬೆರಳು ನೆಕ್ಕುತ್ತಾ.

“ಎಲ್ಲಾ ಹೇಳ್ತಾ ಕೂತ್ರೆ ಆಗುತ್ತಾ? ಇನ್ನೆರಡು ತಗೋ.”

“ಸಾಕು. ಡುಮ್ಮಣ್ಣನಿಗೆ ಜಾಗ ಇಟ್ಕೋಬೇಕು.”

ಅಲ್ಲಿಂದ ಕೆರೆಗೆ. ಕ್ಯಾಲೆಂಡರು ಸುಳ್ಳು ಹೇಳಿರಲಿಲ್ಲ, ಕೆರೆ ಇತ್ತು, ದೋಣಿಯೂ ಇತ್ತು. ದೋಣಿಯವನು ಹುಟ್ಟು ಹಿಡಿದು ಹತ್ತಲು ಹೊರಟರೆ ಟೈಲರಮ್ಮ ಕೈ ಅಡ್ಡ ಹಾಕಿದರು. “ನೀವು ದಡದಲ್ಲಿರಿ. ನಮ್ಮೆಜಮಾನ್ರೇ ಹಾಕ್ತಾರೆ. ಎಷ್ಟೋ ಸಲ ಹಾಕಿದ್ದಾರೆ.”

ಸಾಹೇಬರು ಹುಟ್ಟು ಹಿಡಿದರು. ದೋಣಿ ದಡ ಬಿಟ್ಟದ್ದೇನೋ ನಿಜ. ಬಿಟ್ಟದ್ದೇ ಬುಗುರಿಯ ಹಾಗೆ ತಿರುಗಲು ಶುರುಮಾಡಿತು. ಮೊದಲು ಗೋಪುರ ಕಂಡಿತು, ಆಮೇಲೆ ಮರಗಳು, ಆಮೇಲೆ ದೋಣಿಯವನ ನಗುಮುಖ, ಮತ್ತೆ ಗೋಪುರ. “ಎಲ್ಲಾ ಕಡೇನೂ ನೋಡ್ಲಿ ಅಂತ ತಿರುಗಿಸ್ತಿದ್ದೀರಾ?” ಎಂದು ಟೈಲರಮ್ಮ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೇಳಿದರು. “ಹೂಂ, ಹೂಂ,” ಎನ್ನುತ್ತಾ ಸಾಹೇಬರು ಇನ್ನೂ ಜೋರಾಗಿ ಎಳೆದರು. ಎಳೆದ ರಭಸಕ್ಕೆ ಹೊಟ್ಟೆಯ ಮೇಲಿನ ಎರಡು ಗುಂಡಿಗಳು ಟಪ್ಪೆಂದು ಹಾರಿ ನೀರಿಗೆ ಬಿದ್ದವು. ನಿವೃತ್ತಿಯಾದ ಮೇಲೆ ಮನೆಯೂಟ ತಿಂದು ತಿಂದು ಸಾಹೇಬರ ಹೊಟ್ಟೆ ಅಂಗಿಯ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಕೀಲಿಗೊಂಚಲಿನಲ್ಲಿ ಇನ್ನೂ ನೇತಾಡುತ್ತಿದ್ದ ಹಳೆಯ ಗಾರ್ಡ್ ಸೀಟಿಯನ್ನು ಬಾಯಿಗಿಟ್ಟು ಪೀ ಎಂದು ಊದಿದರು. ದೋಣಿಯವನು ಇನ್ನೊಂದು ದೋಣಿ ತಂದು ಇವರನ್ನು ದಡಕ್ಕೆ ಎಳೆದು ಹಾಕಿದ.

ಟೈಲರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ತಮ್ಮ ಚೀಲದಿಂದ ಪಿನ್ನು ತೆಗೆದು ಗಂಡನ ಅಂಗಿಗೆ ಚುಚ್ಚಿದರು. “ಅಭ್ಯಾಸ ತಪ್ಪಿದೆ ಅಷ್ಟೇ, ಬಿಡಿ,” ಎಂದು ತಾವೇ ಸಮಾಧಾನವನ್ನೂ ಹೇಳಿದರು. ಸಾಹೇಬರಿಗೆ ಆ ಸಮಾಧಾನ ಪಿನ್ನಿಗಿಂತ ಹೆಚ್ಚು ಚುಚ್ಚಿತು.

ದಡದಲ್ಲೇ ಒಬ್ಬಾಕೆ ಕಬ್ಬಿಣದ ಕಾವಲಿಯ ಮೇಲೆ ಮೀನು ಹುರಿಯುತ್ತಿದ್ದಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆ, ಮೇಲೆ ಹಿಂಡಿದ ನಿಂಬೆ. ಸಾಹೇಬರು ಉಪಾಯದ ಪ್ರಕಾರ ಹೆಂಡತಿಗೆ ತಿನ್ನಿಸಿದ್ದಕ್ಕಿಂತ ಹೆಚ್ಚು ತಾವೇ ತಿಂದರು. ಅಲ್ಲಿಂದ ಗಡಿಯಾರದ ಗೋಪುರ. “ಮೇಲಿಂದ ಇಡೀ ಊರು ಕಾಣುತ್ತೆ” ಎಂದು ಸಾಹೇಬರು ಎಷ್ಟೋ ಸಲ ವರ್ಣಿಸಿದ್ದ ಗೋಪುರವೇ ಅದು. ಕೆಳಗಿನ ಬಾಗಿಲಿಗೆ ಬೀಗ. ಕಾವಲುಗಾರನನ್ನು ಕೇಳಿದರೆ ಅವನು ಇವರನ್ನು ಮೇಲಿಂದ ಕೆಳಗೆ ನೋಡಿದ.

“ಮೇಲಕ್ಕಾ? ನಮ್ಮಪ್ಪ ಕಾವಲಿದ್ದಾಗಿಂದ್ಲೂ ಯಾರನ್ನೂ ಬಿಟ್ಟಿಲ್ಲಮ್ಮ. ಮೆಟ್ಟಿಲೇ ಇಲ್ಲ, ಏಣಿ ಇರೋದು.”

“ನಂಗೆ ಪರಿಚಯದವರಿದ್ರು,” ಎಂದು ಸಾಹೇಬರು ಆಕಾಶ ನೋಡಿದರು. ಟೈಲರಮ್ಮ ಬಟ್ಟೆಯ ಅಂಚು ಸೊಟ್ಟಗಿದ್ದರೆ ನೋಡುವ ಹಾಗೆ ಗಂಡನನ್ನು ಒಮ್ಮೆ ನೋಡಿ ಮುಂದೆ ನಡೆದರು.

ಮಾರುಕಟ್ಟೆ ಸುತ್ತಿದರು. ಕೆಂಡದ ಮೇಲೆ ಸುಟ್ಟ ಜೋಳ ತಿಂದರು. ಬಟ್ಟೆ ಅಂಗಡಿಯೊಂದರಲ್ಲಿ ಟೈಲರಮ್ಮ ಕೊಳ್ಳುವ ಇರಾದೆಯೇ ಇಲ್ಲದೆ ಎಲ್ಲ ಥಾನುಗಳನ್ನೂ ಬಿಚ್ಚಿಸಿ, ಮುಟ್ಟಿ ಮುಟ್ಟಿ ನೋಡಿ, ಅಂಗಡಿಯವನಿಗೆ ಬೆವರಿಳಿಸಿ ಬಂದರು. ಕೊನೆಗೆ ಒಂದು ಉದ್ಯಾನದ ಬೆಂಚಿನ ಮೇಲೆ ಇಬ್ಬರೂ ಐಸ್‌ಕ್ರೀಂ ಹಿಡಿದು ಕೂತರು. ಗಾಳಿ ಹಿತವಾಗಿತ್ತು. ಸಾಹೇಬರಿಗೆ, ಎಷ್ಟು ಚೆನ್ನಾಗಿದೆ ಈ ಹಗಲು, ಇಲ್ಲೇ ಹೀಗೇ ಸಂಜೆಯಾಗಿಬಿಡಬಾರದೇ ಅನ್ನಿಸಿತು. ಆಗಲೇ ಟೈಲರಮ್ಮ ಬಾಯಿ ತೆರೆದರು.

“ಒಂದು ಮಾತು ಕೇಳ್ತೀನಿ, ನಿಜ ಹೇಳ್ತೀರಾ? ನನ್ನ ಡಬ್ಬಿ ಯಾರಿಗೆ ಕೊಡ್ತಿದ್ರಿ?”

“ಯಾವ ಡಬ್ಬಿ?”

“ಊಟದ್ದು. ಪ್ರತಿ ಡ್ಯೂಟಿಗೂ ಕಟ್ತಿದ್ನಲ್ಲ.”

“ಯಾರಿಗೂ ಇಲ್ಲ. ನಾನೇ ತಿಂತಿದ್ದೆ.”

“ಸುಮ್ನಿರಿ. ಡಬ್ಬೀನೂ ತಿಂದು ಡುಮ್ಮಣ್ಣನ ಹತ್ರ ಎರಡೆರಡು ಸಲ ಬಡಿಸ್ಕೊಂಡೂ ತಿಂತಿದ್ರೆ ಆವಾಗ ಕಡ್ಡಿ ಹಾಗೆ ಇರ್ತಿದ್ರಾ? ಅದೂ ಅಲ್ದೆ ಡಬ್ಬಿ ಯಾವಾಗ್ಲೂ ತೊಳೆದು ಬರ್ತಿತ್ತು. ತಿಂದಿದ್ದು ಯಾರು ಅಂತ ನಂಗೆ ಗೊತ್ತಾಗ್ಬಾರ್ದು ಅಂತ ತಾನೇ ತೊಳೀತಿದ್ದಿದ್ದು?”

ಮನೆಗೆ ಹೋದ ಮೇಲೆ ಆಕೆಗೆ ಕೆಲಸ ಹೆಚ್ಚಾಗಬಾರದು ಎಂದು ಸಾಹೇಬರು ನಲ್ಲಿಯ ಕೆಳಗೆ ಕೂತು ಉಜ್ಜಿ ಉಜ್ಜಿ ತೊಳೆಯುತ್ತಿದ್ದ ಡಬ್ಬಿ ಅದು.

“ಬೇಜಾರಿಲ್ಲ ಬಿಡಿ,” ಎಂದರು ಟೈಲರಮ್ಮ. ಬೇಜಾರಿತ್ತೆಂದು ಧ್ವನಿಯೇ ಹೇಳುತ್ತಿತ್ತು. “ನೀವು ಆ ಮನುಷ್ಯನ ಸಾರು ಹೊಗಳೋದು ನೋಡಿದ್ರೆ, ತಣ್ಣಗಾದಷ್ಟೂ ರುಚಿ ಅಂತಿದ್ರಲ್ಲ, ನಂಗೆ ಹೊಟ್ಟೇಲಿ ಕೆಂಡ ಹಾಕಿದ ಹಾಗಾಗ್ತಿತ್ತು. ಅವನನ್ನ ಮೀರಿಸ್ಬೇಕು ಅಂತ ಏನೇನು ಮಾಡಿ ತುಂಬಿಸ್ಲಿಲ್ಲ ನಾನು ಆ ಡಬ್ಬಿಗೆ! ಇವತ್ತು ಒಂದು ಸಲ ಅವನ ಕೈ ಅಡುಗೆ ತಿನ್ಬೇಕು. ನಾನು ಸೋತಿದ್ದು ಯಾರ ಕೈಲಿ ಅಂತಾದ್ರೂ ಗೊತ್ತಾಗ್ಬೇಡ್ವಾ?”

ಐಸ್‌ಕ್ರೀಂ ಕರಗಿ ಸಾಹೇಬರ ಮೊಣಕೈಗೆ ಇಳಿಯುತ್ತಿತ್ತು. ತಮ್ಮ ಮರ್ಯಾದೆಯ ಚಿಂತೆಯೊಂದೇ ಇದ್ದ ಜಾಗದಲ್ಲಿ ಈಗ ಇನ್ನೊಂದು ಭಾರ ಬಂದು ಕೂತಿತು. ಈಗಲೇ ಹೇಳಿಬಿಡಲೇ ಎಂದುಕೊಂಡರು. ಅಷ್ಟರಲ್ಲಿ ಆಕೆ ಕೈ ಕೊಡವಿ ಎದ್ದಾಗಿತ್ತು.

ಸ್ಟೇಷನ್ನಿನ ಹಿಂದಿನ ಬೀದಿ. ಸಾಹೇಬರ ಗ್ರಹಚಾರ ನೋಡಿ, ಅಲ್ಲಿ ನಿಜವಾಗಿಯೂ ಒಂದು ಹಸಿರು ಬಾಗಿಲಿತ್ತು! ಟೈಲರಮ್ಮ ಚಪ್ಪಾಳೆ ತಟ್ಟಿ ಓಡಿದರು. ಒಳಗೆ ಕೋಲಿನಂಥ ಮನುಷ್ಯನೊಬ್ಬ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ಬಿಚ್ಚುತ್ತಿದ್ದ.

“ಇಲ್ಲಿ ಹೋಟೆಲಿತ್ತಲ್ಲ?”

“ಹೋಟೆಲಾ? ನಮ್ಮ ತಾತನ ಕಾಲದಿಂದ್ಲೂ ಗಡಿಯಾರ ರಿಪೇರಿನೇ ಅಮ್ಮ.”

ಆಕೆ ಬಿಡುವ ಜೀವವೇ? ಪಕ್ಕದ ಅಂಗಡಿ, ಅದರ ಪಕ್ಕದ್ದು, ಎದುರಿನದ್ದು, ಹೀಗೆ ಬೀದಿಯುದ್ದಕ್ಕೂ ಕೇಳುತ್ತಾ ಹೊರಟರು. “ದಪ್ಪಗಿರ್ತಾರೆ, ಬಾಗಿಲಲ್ಲಿ ಅಡ್ಡಡ್ಡ ಬರ್ತಾರೆ, ಜೋರಾಗಿ ಕೂಗಿ ಕರೀತಾರೆ” ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರೆ ಎಲ್ಲರೂ ತಲೆ ಅಲ್ಲಾಡಿಸುವವರೇ. ಸಾಹೇಬರು ಹಿಂದೆ ಹಿಂದೆ ಬೆವರು ಒರೆಸಿಕೊಳ್ಳುತ್ತಾ ನಡೆದರು. ಬೀದಿ ಮುಗಿಯಲು ಬಂದಿತ್ತು. ಆಕೆ ಇನ್ನೊಂದು ಬೀದಿಗೆ ತಿರುಗುವ ಲಕ್ಷಣ ಕಂಡದ್ದೇ ಸಾಹೇಬರು ಮೂಲೆಯ ತಿರುವಿನಲ್ಲಿ ಒಂದು ಗಳಿಗೆ ಮರೆಯಾದರು. ಮರಳಿ ಬಂದಾಗ ಬಾಯಿಂದ ಮಾತು ತಾನಾಗಿ ಜಾರಿತು.

“ವಿಚಾರಿಸ್ದೆ ಕಣೇ. ಡುಮ್ಮಣ್ಣ ಹೋಗ್ಬಿಟ್ಟರಂತೆ.”

“ಎಲ್ಲಿಗೆ?”

ಸಾಹೇಬರು ಬೆರಳೆತ್ತಿ ಮೇಲೆ ತೋರಿಸಿದರು.

ಟೈಲರಮ್ಮ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಸಾಹೇಬರು ಇದನ್ನು ಎಣಿಸಿರಲಿಲ್ಲ. ಅಯ್ಯೋ ಪಾಪ ಅನ್ನುತ್ತಾಳೆ, ಒಂದು ನಿಟ್ಟುಸಿರು ಬಿಡುತ್ತಾಳೆ, ಮುಗಿಯಿತು ಎಂದುಕೊಂಡಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, ಸತ್ತವರು ಯಾರೆಂದು ಕೂಡ ಕೇಳದೆ, ಟೈಲರಮ್ಮನ ಭುಜ ಸವರಿ ತಾನೂ ಕಣ್ಣೊರೆಸಿಕೊಂಡಳು.

“ಎಷ್ಟು ಶಾಪ ಹಾಕಿದ್ದೆ ಆ ಮನುಷ್ಯನಿಗೆ,” ಎಂದರು ಟೈಲರಮ್ಮ ಅಳುವಿನ ನಡುವೆ. “ಅವನ ಕೈ ಸೇದಿಹೋಗ್ಲಿ, ಅವನ ಒಲೆ ಆರಿಹೋಗ್ಲಿ ಅಂತ ದಿನಾ ಅಂತಿದ್ದೆ ಕಣ್ರೀ. ನನ್ನ ಗಂಡನ್ನ ಉಪವಾಸ ಕೆಡವದೆ ನೋಡ್ಕೊಂಡವರು. ಒಂದು ಸಲ ಎದುರಿಗೆ ಕಂಡು ತಪ್ಪಾಯ್ತು ಅನ್ಬೇಕಿತ್ತು.”

ಸಾಹೇಬರಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಹುಟ್ಟೇ ಇರದವನನ್ನು ಕೊಂದು, ಅವನಿಗಾಗಿ ಹೆಂಡತಿಯನ್ನು ನಡುಬೀದಿಯಲ್ಲಿ ಅಳಿಸಿದ ಗಂಡ ತಾವೊಬ್ಬರೇ ಇರಬೇಕು ಅನ್ನಿಸಿ, ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಹೇಳಬೇಕು, ಈಗಲೇ ಹೇಳಬೇಕು. ಆದರೆ ಅಳುತ್ತಿರುವವರಿಗೆ ಇದನ್ನು ಹೇಗೆ ಹೇಳುವುದು?

ಅತ್ತು ಮುಗಿದ ಮೇಲೆ ಟೈಲರಮ್ಮ ಎದ್ದರು. “ನಂಗಿನ್ನೇನೂ ನೋಡೋದು ಬೇಡ. ಎಲ್ಲಾದ್ರೂ ಮುಖ ತೊಳ್ಕೋಬೇಕು. ನೀವು ಮಲಗ್ತಿದ್ದ ರೂಮು ಇಲ್ಲೇ ಅಲ್ವಾ? ಅದೊಂದರ ಸುದ್ದಿ ಮಾತ್ರ ನೀವು ಯಾವತ್ತೂ ಹೇಳ್ಲಿಲ್ಲ.”

ಸಾಹೇಬರು ಗೇಟು ದಾಟಿಲ್ಲವೆಂಬ ಗುಟ್ಟು ತಿಳಿದಿದ್ದ ಆ ಇನ್ನೊಬ್ಬರೆಂದರೆ ರನ್ನಿಂಗ್ ರೂಮಿನ ಬೀಗದಜ್ಜ. ಸೊಂಟದಲ್ಲಿ ಕೀಲಿಗಳ ಗೊಂಚಲು ಕಟ್ಟಿಕೊಂಡು, ಹಾಸಿಗೆ ಹಾಸಿಕೊಡುವ, ನೀರು ಕಾಯಿಸಿಕೊಡುವ ಮನುಷ್ಯ. ಸಾಹೇಬರು ಕೆಲಸಕ್ಕೆ ಸೇರಿದಾಗಲೇ ಅಜ್ಜನ ಹಾಗೆ ಕಾಣುತ್ತಿದ್ದರು. ಇಷ್ಟು ಹೊತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿರುತ್ತಾರೆ ಎಂಬ ಧೈರ್ಯದ ಮೇಲೆ ಸಾಹೇಬರು ಹೆಂಡತಿಯನ್ನು ಕರೆದೊಯ್ದರು. ಬಾಗಿಲು ತಳ್ಳಿದರೆ ಮೊದಲು ಕೀಲಿಗಳ ಸದ್ದು ಕೇಳಿತು, ಆಮೇಲೆ ಧ್ವನಿ.

“ಓಹೋಹೋ! ಡಬ್ಬಿ ಸಾಹೇಬ್ರು!”

ಟೈಲರಮ್ಮ ಆ ಮಾತನ್ನು ಗಮನಿಸಲಿಲ್ಲ. ಅವರ ಕಣ್ಣು ಆಗಲೇ ಕಿಟಕಿಗೆ ಅಂಟಿಕೊಂಡಿತ್ತು. ಸಾಲು ಮಂಚಗಳ ಕೊನೆಯಲ್ಲಿ, ಪಶ್ಚಿಮದ ಬಿಸಿಲು ಬೀಳುವ ಕಿಟಕಿಗೆ ಒಂದು ಪರದೆ. ಮಾಸಿದ ನೀಲಿ ಚೌಕಳಿ. ನಡುವೆ ಉದ್ದಕ್ಕೆ ಗುಂಡಿಗಳ ಸಾಲು, ಎರಡು ಬದಿಗೂ ಒಂದೊಂದು ದೊಡ್ಡ ಜೇಬು. ಒಂದು ಜೇಬಿನಲ್ಲಿ ಯಾರದೋ ಬಾಚಣಿಗೆ ಇತ್ತು. ಆಕೆ ಸೀದಾ ಹೋಗಿ ಅಂಚನ್ನು ಮಡಿಚಿ, ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಇದು ನನ್ನ ಕೈ ಹೊಲಿಗೆ,” ಎಂದರು.

“ನೀವಾ ಹೊಲಿದಿದ್ದು!” ಅಜ್ಜನಿಗೆ ಸಂತೋಷವೋ ಸಂತೋಷ. “ಸಾಹೇಬ್ರು ಕೊಟ್ರು ನಂಗೆ. ಒಳಗೆ ನನ್ನಂಥೋರು ಇಬ್ರು ಹಿಡೀತಿದ್ರು, ಹಾಕ್ಕೊಳ್ಳೋದು ಹೇಗೆ? ಬಟ್ಟೆ ಗಟ್ಟಿ ಇತ್ತು, ತೋಳು ಬಿಚ್ಚಿ ಪರದೆ ಮಾಡ್ದೆ. ಸಾಹೇಬ್ರು ಹಗಲೆಲ್ಲ ಇದೇ ಮಂಚದ ಮೇಲೆ ಮಲಗಿರ್ತಿದ್ರು, ಬಿಸಿಲು ಕಣ್ಣಿಗೆ ಹೊಡೀತಿತ್ತು.”

“ಹಗಲೆಲ್ಲ?”

“ಮತ್ತೆ! ಎಲ್ರೂ ಊರು ಸುತ್ತೋಕೆ ಹೋದ್ರೂ ಇವರೊಬ್ರು ಗೇಟು ದಾಟಿದ್ದು ನಾನು ಕಂಡಿಲ್ಲ. ಡಬ್ಬಿ ಬಿಚ್ಚೋದು, ಗೋಡೆ ಕಡೆ ತಿರುಗಿ ಕೂತು ತಿನ್ನೋದು. ಅಪ್ಪಾ, ಒಂದು ಸಲ ಒಂದು ತುತ್ತು ಕೊಟ್ಟವರಲ್ಲ ಕಣಮ್ಮ ಯಾರಿಗೂ! ಬೆರಳು ಚೀಪಿ, ತಳ ಕೆರೆದು, ಆಮೇಲೆ ಅದನ್ನ ಉಜ್ಜೋದು ನೋಡ್ಬೇಕು. ಅದಕ್ಕೇ ಡಬ್ಬಿ ಸಾಹೇಬ್ರು ಅಂತ ಹೆಸರಿಟ್ಟಿದ್ದು.”

ಅಜ್ಜ ಚಹಾ ಮಾಡುತ್ತೇನೆಂದು ಒಳಗೆ ಹೋದರು. ಟೈಲರಮ್ಮ ಆ ಮಂಚದ ಮೇಲೆ ಕೂತರು. ಸಾಹೇಬರು ನಿಂತೇ ಇದ್ದರು, ಅಪರಾಧಿಗಳು ನಿಲ್ಲುವ ಹಾಗೆ.

“ಡುಮ್ಮಣ್ಣ ಸತ್ತಿಲ್ಲ?”

“ಇಲ್ಲ. ಹುಟ್ಟೂ ಇಲ್ಲ.”

“ಅತ್ತೆನಲ್ರೀ ನಾನು! ನಡುಬೀದೀಲಿ ಕೂತು ಅತ್ತೆನಲ್ಲ!” ಪೊಟ್ಟಣವನ್ನೆತ್ತಿ ಗಂಡನ ತೋಳಿಗೆ ಒಂದು ಬಿಟ್ಟರು, ಸಾಲದೆಂದು ಇನ್ನೊಂದು ಬಿಟ್ಟರು. ಆಮೇಲೆ ಕೈ ನಿಂತಿತು, ಧ್ವನಿ ಇಳಿಯಿತು. “ನೀವು ಊರು ನೋಡ್ದೇ ಇದ್ರೆ ನಂಗೇನು, ಕಟ್ಟಿ ಹಾಕಿ ಊರು ನೋಡಿ ಅಂದಿದ್ನಾ? ಆದ್ರೆ ಒಂದೊಂದು ಸಲ ಡಬ್ಬಿ ಕಟ್ಟೋವಾಗ್ಲೂ, ಇದನ್ನ ಯಾವನೋ ತಿಂತಾನೆ ಅಂದ್ಕೊಂಡೇ ಕಟ್ಟಿದೆ. ಚೆನ್ನಾಗಿತ್ತು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಹೇಳ್ತಾನೇ ಇದ್ದೆ ಕಣೇ,” ಎಂದರು ಸಾಹೇಬರು. ಅವರ ಕಣ್ಣಲ್ಲೂ ನೀರಿತ್ತು. “ಡುಮ್ಮಣ್ಣನ ಊಟ ಅಂತ ನಾನು ಹೊಗಳಿದ್ದೆಲ್ಲ ಈ ಮಂಚದ ಮೇಲೆ ಕೂತು ತಿಂದಿದ್ದು. ಬೇರೆ ಯಾರ ಅಡುಗೆ ನಂಗೆ ಗೊತ್ತಿತ್ತು ಹೇಳು? ನಿನ್ನ ಡಬ್ಬೀನೇ ಅವನ ಹೆಸರಲ್ಲಿ ಹೊಗಳ್ತಿದ್ದೆ.”

ಟೈಲರಮ್ಮ ಗಂಡನನ್ನು ನೋಡುತ್ತಲೇ ಇದ್ದರು. ನೋಡುತ್ತಾ ನೋಡುತ್ತಾ ಏನೋ ಹೊಳೆದ ಹಾಗೆ ಹಣೆಗೆ ಕೈ ಬಡಿದುಕೊಂಡರು.

“ತಣ್ಣಗಾದಷ್ಟೂ ರುಚಿ! ಹೋಟೆಲಲ್ಲಿ ಯಾರಾದ್ರೂ ತಣ್ಣಗಿನ ಸಾರು ಬಡಿಸ್ತಾರೇನ್ರೀ?”

ನಗು ಮೊದಲು ಯಾರಿಗೆ ಬಂತೋ ತಿಳಿಯದು. ಅಜ್ಜ ಚಹಾ ಹಿಡಿದು ಬಂದಾಗ ಗಂಡ ಹೆಂಡತಿ ಇಬ್ಬರೂ ಮಂಚದ ಮೇಲೆ ಕೂತು ಕಣ್ಣೀರೊರೆಸಿಕೊಂಡು ನಗುತ್ತಿದ್ದರು. ಚಹಾ ಕುಡಿದಾದ ಮೇಲೆ ಟೈಲರಮ್ಮ, ಪಿನ್ನು ಚುಚ್ಚಿದ, ಐಸ್‌ಕ್ರೀಂ ಸುರಿದ ಗಂಡನ ಅಂಗಿಯನ್ನು ನೋಡಿ ಮುಖ ಸಿಂಡರಿಸಿದರು. “ಈ ಅವತಾರದಲ್ಲಿ ಮೊಮ್ಮಗೂನ ಎತ್ಕೋತೀರಾ? ಬಿಚ್ಚಿ ಅದನ್ನ.” ಪೊಟ್ಟಣದ ಕಾಗದ ಹರಿದು ಹೊಸ ಅಂಗಿ ಕೊಡವಿದರು. ಸಾಹೇಬರು ತೋಳು ತೂರಿಸಿದರು, ಗುಂಡಿ ಹಾಕಿಕೊಂಡರು. ಭುಜ ಭುಜಕ್ಕೆ ಕೂತಿತು. ಹೊಟ್ಟೆಗೆ ಎಷ್ಟು ಬೇಕೋ ಅಷ್ಟೇ ಸಡಿಲ.

“ಅಳತೆ ತೆಗೆದು ಹೊಲಿದ ಹಾಗಿದೆ,” ಎಂದು ಅಜ್ಜ ತಲೆದೂಗಿದರು. ಟೈಲರಮ್ಮ ಗಂಡನನ್ನು ಒಂದು ಸುತ್ತು ತಿರುಗಿಸಿ ನೋಡಿ, ಕಾಲರು ಸರಿಮಾಡಿದರು.

ಸಂಜೆಯ ರೈಲು ತಪ್ಪಲಿಲ್ಲ. ಗಾರ್ಡ್ ಹತ್ತುವುದಕ್ಕೂ ಮೊದಲೇ ನಮ್ಮ ಸಾಹೇಬರು ಹತ್ತಿ ಕೂತಾಗಿತ್ತು. ಊರಿನ ಮನೆಗಳು ಹಿಂದೆ ಸರಿದವು, ಗೋಪುರ ಸರಿಯಿತು, ಕೆರೆ ಒಂದು ಸಲ ಹೊಳೆದು ಮರೆಯಾಯಿತು. ಟೈಲರಮ್ಮ ಕಿಟಕಿಗೆ ತಲೆಯಾನಿಸಿ ಅವನ್ನೇ ನೋಡುತ್ತಿದ್ದರು. ಕೊನೆಗೆ ಆಕೆ ಇತ್ತ ತಿರುಗಿದರು.

“ಹೇಳಿ. ಇವತ್ತು ಊರಲ್ಲಿ ಏನೇನು ನೋಡಿದ್ರಿ?”

ಸಾಹೇಬರು ಗಂಟಲು ಸರಿಮಾಡಿಕೊಂಡರು. ಒಂದಕ್ಷರ ಹೆಚ್ಚಾಗಬಾರದು, ಒಂದಕ್ಷರ ಕಡಿಮೆಯಾಗಬಾರದು ಎಂದು ತೂಗಿ ತೂಗಿ ಹೇಳಿದರು. “ಬನ್ನು ತಿಂದೆ. ದೋಣಿ ಹತ್ತಿದೆ, ಅದು ನಿಂತಲ್ಲೇ ತಿರುಗಿತು. ಗುಂಡಿ ಹಾರಿತು. ಮೀನು ತಿಂದೆ. ಗೋಪುರ ಹತ್ತೋಕೆ ಬಿಡ್ಲಿಲ್ಲ. ಜೋಳ, ಐಸ್‌ಕ್ರೀಂ. ನಿನ್ನನ್ನ ಅಳಿಸಿದೆ. ಅಷ್ಟೇ.”

“ಅಷ್ಟೇನಾ?”

“ನಿನ್ನಾಣೆ, ಅಷ್ಟೇ.”

“ಥೂ, ಒಂಚೂರೂ ಚೆನ್ನಾಗಿಲ್ಲ,” ಎಂದರು ಟೈಲರಮ್ಮ. ಕಾಲು ಮಡಿಚಿ, ಸರಿಯಾಗಿ ಗಂಡನಿಗೆ ಎದುರಾಗಿ ಕೂತರು. ಹೊಲಿಗೆ ಮೆಷಿನ್ನಿನ ಮೇಲಿಂದ ತಲೆಯೆತ್ತಿ ನೋಡಿದ್ದ ಅವೇ ಕಣ್ಣುಗಳು. “ಡುಮ್ಮಣ್ಣನ್ನ ಸಾಯಿಸಿ ಹಾಗೇ ಬಿಟ್ಟು ಬರ್ತೀರಾ? ಬದುಕ್ಸಿ ಅವನನ್ನ. ಮೊದಲಿಂದ ಹೇಳಿ. ಈ ಸಲ ನನ್ನ ಡಬ್ಬಿ ರುಚಿ ನೋಡಿ ಅವನ ಹೊಟ್ಟೆ ಉರೀಬೇಕು.”

ಸಾಹೇಬರು ಹೊಸ ಅಂಗಿಯ ಜೇಬಿಗೆ ಕೈ ಹಾಕಿಕೊಂಡು ಶುರುಮಾಡಿದರು.

“ನಾನು ಡಬ್ಬಿ ಮುಚ್ಚಳ ತೆಗೆದೆ ನೋಡು, ಡುಮ್ಮಣ್ಣ ಒಲೆ ಬಿಟ್ಟು ಬಾಗಿಲಲ್ಲಿ ಅಡ್ಡಡ್ಡ ಬಂದ…”